ಹಿಂದಿನಿಂದ ಎರಡು ತಟ್ಟು

ಕಣ್ಣು ಬಿಡುವ ಮೊದಲೇ ವಾಸಪ್ಪನ ಕೈ ದಿಂಬಿನ ಬದಿಯ ಫೋನಿಗೆ ಹೋಗುತ್ತಿತ್ತು. ಯಾರಿಗಾದರೂ ಜ್ವರ ಬಂದಿರಬಹುದೇ? ಯಾರದಾದರೂ ಅತ್ತೆ ತೀರಿಕೊಂಡಿರಬಹುದೇ? ಹಾಗೆ ಬಯಸುವುದು ಪಾಪವೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ದಿನಾ ಬಯಸುತ್ತಿದ್ದ. ಆ್ಯಕ್ಟಿಂಗ್ ಡ್ರೈವರ್ ಎಂದರೆ ಅದೇ ಅಲ್ಲವೇ? ಖಾಯಂ ಡ್ರೈವರನಿಗೆ ಮೈ ಹುಷಾರಿಲ್ಲದಿದ್ದರೆ, ಅವನ ಮನೆಯಲ್ಲಿ ಮದುವೆಯೋ ಸಾವೋ ಬಂದರೆ, ಅವನ ಲಾರಿಯನ್ನು ಅವನ ಬದಲು ಹತ್ತುವವನು. ಬೇರೆಯವನ ಬೆನ್ನು ತಗ್ಗು ಮಾಡಿಟ್ಟ ಸೀಟು, ಬೇರೆಯವನು ಹೂ ಮುಡಿಸಿದ ದೇವರು, ಬೇರೆಯವನ ಬಾಯಿಯ ವಾಸನೆ. ಕನ್ನಡಿ ತಿರುಗಿಸಿ ತನ್ನ ಕಣ್ಣಿಗೆ ಹೊಂದಿಸಿಕೊಳ್ಳುವಷ್ಟರಲ್ಲಿ ಆ ಮನುಷ್ಯನ ಜ್ವರ ಇಳಿದಿರುತ್ತಿತ್ತು. ಹೋದ ಮಳೆಗಾಲದಲ್ಲಿ ಪೈವಳಿಕೆಯ ಒಬ್ಬನಿಗೆ ಡೆಂಗಿ ಎಂದು ಕೇಳಿದಾಗ ಎದೆಯೊಳಗೆ ಏನೋ ಹಗುರವಾಗಿ, ಮರುಕ್ಷಣವೇ ತನ್ನ ಮೇಲೆ ಅಸಹ್ಯ ಹುಟ್ಟಿ, ಅವನಿಗೆ ಬೇಗ ಗುಣವಾಗಲಿ ಎಂದು ಮನೆದೈವಕ್ಕೆ ಕೈಮುಗಿದಿದ್ದ. ಆ ಮನುಷ್ಯ ಒಂದೇ ವಾರದಲ್ಲಿ ಎದ್ದು ಬಂದು ಲಾರಿಯ ಕೀಲಿ ಕೇಳಿದ. ದೈವಕ್ಕೆ ಅಷ್ಟು ಅವಸರ ಬೇಕಿರಲಿಲ್ಲ ಎಂದು ವಾಸಪ್ಪನಿಗೆ ಅನ್ನಿಸಿದ್ದೂ ನಿಜ.

ಈ ದಿನ ಮಾತ್ರ ಫೋನು ಮುಟ್ಟಬೇಕಾಗಿರಲಿಲ್ಲ. ಕಾರಡ್ಕದಲ್ಲಿ ಪಶು ಆಹಾರದ ಗೋದಾಮು ನಡೆಸುವ ಸೌದಾಮಿನಿ ಎಂಬವರು ಮಧ್ಯಾಹ್ನದ ಮೇಲೆ ಬರಹೇಳಿದ್ದರು. ಖಾಯಂ ಕೆಲಸ, ತಿಂಗಳ ಸಂಬಳ, ಸಂಜೆಗೆ ಮನೆ. ಸುದ್ದಿ ತಂದವಳು ಹೆಂಡತಿ ಲೋಲಾಕ್ಷಿ. ಊರಿನ ಹಾಲಿನ ಸೊಸೈಟಿಗೆ ಅವಳು ಎರಡು ಹೊತ್ತು ಹಾಲು ಕೊಂಡುಹೋಗುತ್ತಾಳೆ. ಅಲ್ಲಿ ಹಾಲು ಅಳೆಯುವ ಶಂಕರಿ, ಹಿಂಡಿಯ ಲಾರಿಗೆ ಡ್ರೈವರಿಲ್ಲದೆ ಮೂಟೆ ಬರುತ್ತಿಲ್ಲ ಎಂದು ಗೊಣಗಿದ್ದೇ ತಡ, ಇವಳು ನಂಬರು ಕೇಳಿ ಪಡೆದು ತಾನೇ ಫೋನು ಮಾಡಿದ್ದಳು. ಈಗ ಮೇಜಿನ ಮೇಲೆ ಬಿಳಿ ಅಂಗಿಯನ್ನು ಹರಡಿ ಇಸ್ತ್ರಿ ಹಾಕುತ್ತಿದ್ದಳು.

"ಖಾಕಿ ಸಾಕಿತ್ತು," ಎಂದ ವಾಸಪ್ಪ.

"ಖಾಕಿ ಹಾಕಿದ್ರೆ ಮತ್ತೆ ಯಾರದ್ದೋ ಬದಲಿಗೆ ಹೋದ ಹಾಗೆ ಕಾಣ್ತದೆ. ಇವತ್ತು ಯಾರ ಬದಲಿಗೂ ಅಲ್ಲ. ನಿಮ್ಮನ್ನೇ ಕರ್ದದ್ದು."

"ಬಂದ್ಯೋಡಿಗೂ ನನ್ನನ್ನೇ ಕರ್ದದ್ದು."

"ಅಲ್ಲಿ ಸಂಬಳ ಕಡಿಮೆ ಅಂತ ನೀವೇ ಬಿಟ್ಟದ್ದಲ್ವಾ?" ಎಂದು ಲೋಲಾಕ್ಷಿ ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಮುಖ ನೋಡಿದಳು. ಅವನು ಹಟ್ಟಿಯ ಕಡೆಗೆ ಹೋಗಿ ದನದ ಕತ್ತು ತುರಿಸುತ್ತ ನಿಂತ.

ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವನ ಬಲಗಾಲು ತನ್ನಷ್ಟಕ್ಕೆ ಕೆಲಸ ಶುರು ಮಾಡಿತು. ತಿರುವು ಬಂದಾಗಲೆಲ್ಲ ಬಸ್ಸಿನ ತಗಡಿನ ನೆಲವನ್ನು ಒತ್ತುತ್ತಿತ್ತು. ಪಕ್ಕದ ಮುದುಕಿ ಸ್ವಲ್ಪ ಹೊತ್ತು ನೋಡಿ, "ಕಾಲಿಗೆ ಎಂತಾಗಿದೆ, ವಾತವಾ?" ಎಂದು ಕೇಳಿದಳು. "ಅಲ್ಲ, ಬ್ರೇಕು," ಎಂದ. "ಡ್ರೈವರ್ ಅಲ್ಲಿದ್ದಾನಲ್ಲ ಮಾರಾಯ," ಎಂದು ಅವಳು ಮುಂದಕ್ಕೆ ಬೆರಳು ತೋರಿಸಿದಳು. ಹೌದು, ಡ್ರೈವರ್ ಅಲ್ಲಿದ್ದ, ತನ್ನದೇ ಸೀಟಿನಲ್ಲಿ ತನ್ನದೇ ಟವೆಲು ಹಾಸಿಕೊಂಡು. ಈ ಮೊದಲು ಕೆಲಸಕ್ಕೆ ಕರೆದು ಪರೀಕ್ಷೆ ಮಾಡಿದ್ದ ಬಂದ್ಯೋಡಿನ ಆ ಹೊಸ ಗೋದಾಮಿನ ಲಾರಿಯ ಸೀಟು ಇದಕ್ಕಿಂತ ಮೆತ್ತಗಿತ್ತು. ಒಳಗೆ ಎ.ಸಿ., ಕಣ್ಣೆದುರು ಹಿಂದಿನದೆಲ್ಲ ಕಾಣುವ ಒಂದು ಪರದೆ. ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡಿಸಿದ್ದ. ಆಮೇಲೆ ಸೂಪರ್‌ವೈಸರ್ ಮನೀಶ್, ಮೀಸೆ ಇನ್ನೂ ಸರಿಯಾಗಿ ಕೂರದ ಹುಡುಗ, "ಈಗ ರಿವರ್ಸ್ ಹಾಕಿ ಆ ಕಟ್ಟೆಗೆ ತಾಗಿಸಿ ಅಂಕಲ್, ಪರದೆ ನೋಡಿದ್ರೆ ಸಾಕು," ಎಂದ. ವಾಸಪ್ಪ ರಿವರ್ಸ್ ಹಾಕಿದ. ಪರದೆಯಲ್ಲಿ ಹಸಿರು, ಹಳದಿ, ಕೆಂಪು ಗೆರೆಗಳು ಮೂಡಿದವು, ಯಂತ್ರ ಕೀಂ ಕೀಂ ಎಂದಿತು. ಅವನು ಅದನ್ನು ನೋಡಲೇ ಇಲ್ಲ. ಕತ್ತನ್ನು ಕಿಟಕಿಯಿಂದ ಹೊರಗೆ ಹಾಕಿ ಕಾದ. ಲಾರಿ ಕದಲಲಿಲ್ಲ. ಬರಬೇಕಾದ ಸದ್ದು ಹಿಂದಿನಿಂದ ಬರಲಿಲ್ಲ. ಆಗ ಅವನ ಬಾಯಿ ತಾನಾಗಿ ಕೂಗಿತು, "ಐತಪ್ಪಾ, ಹೇಗುಂಟು?"

ಎಲ್ಲರೂ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. "ಐತಪ್ಪ ಯಾರು ಅಂಕಲ್?" ಎಂದು ಮನೀಶ್ ಕೇಳಿದ್ದೂ, ಮೂಟೆ ಹೊರುವವರು ನಕ್ಕದ್ದೂ, ತಾನು ನಾಚಿಕೊಂಡು ಪರದೆಯನ್ನು ನೋಡುತ್ತ ನೋಡುತ್ತ ಲಾರಿಯನ್ನು ಕಟ್ಟೆಗೆ ಢಿಕ್ಕಿ ಹೊಡೆಸಿದ್ದೂ ಬಸ್ಸಿನ ಕಿಟಕಿಯ ಆಚೆ ರಬ್ಬರ್ ಮರಗಳ ಸಾಲಿನಲ್ಲಿ ಮತ್ತೊಮ್ಮೆ ನಡೆದುಹೋಯಿತು. "ನಾವು ಫೋನ್ ಮಾಡ್ತೇವೆ ಅಂಕಲ್," ಎಂದಿದ್ದರು. ಮಾಡಲಿಲ್ಲ. ಇಷ್ಟು ವರ್ಷ ಲಾರಿ ಓಡಿಸಿದವನಿಗೆ ಹಿಂದಕ್ಕೆ ಹೋಗಲು ಬರುವುದಿಲ್ಲ ಎಂಬುದನ್ನು ಹೆಂಡತಿಗೆ ಹೇಳುವುದು ಹೇಗೆ? ಸಂಬಳ ಕಡಿಮೆ ಎಂದುಬಿಟ್ಟಿದ್ದ.

ಐತಪ್ಪ ಅವನ ಕ್ಲೀನರ್ ಆಗಿದ್ದವನು. ಒಬ್ಬನೇ ಧಣಿಯ ಲಾರಿಯಲ್ಲಿ ಇಬ್ಬರೂ ಅಡಿಕೆ ಹೇರಿಕೊಂಡು ಗುಜರಾತಿಗೆ ಹೋಗಿ ನಾಸಿಕದ ಈರುಳ್ಳಿ ತುಂಬಿಕೊಂಡು ಬರುತ್ತಿದ್ದರು. ಲಾರಿ ಹಿಂದಕ್ಕೆ ಸರಿಯಬೇಕಾದಲ್ಲೆಲ್ಲ ಐತಪ್ಪ ಇಳಿದು ಹಿಂದೆ ನಿಂತು ಹಲಗೆಗೆ ತಟ್ಟುತ್ತಿದ್ದ. ಎರಡು ತಟ್ಟಿದರೆ ಬರಲಿ, ಒಂದು ತಟ್ಟಿದರೆ ನಿಲ್ಲಲಿ, ಅಂಗೈ ಎಳೆದು ಸವರಿದರೆ ನಿಧಾನ. ಹಿಂದೆ ಇರುವುದು ಗೋಡೆಯೋ ಚರಂಡಿಯೋ ಮಲಗಿದ ನಾಯಿಯೋ ಎಂಬುದು ಸಹ ಆ ಸದ್ದಿನಲ್ಲಿ ವಾಸಪ್ಪನಿಗೆ ತಿಳಿಯುತ್ತಿತ್ತು, ಅಥವಾ ತಿಳಿಯುತ್ತದೆ ಎಂದು ಅವನು ನಂಬಿದ್ದ. ಕನ್ನಡಿ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಒಮ್ಮೆ ಘಾಟಿಯ ಕೆಳಗಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಐತಪ್ಪ, "ವಾಸಣ್ಣ, ನನಗೂ ಸ್ವಲ್ಪ ಸ್ಟೇರಿಂಗ್ ಕಲಿಸಿ, ಲೈಸೆನ್ಸ್ ಮಾಡಿಸ್ತೇನೆ," ಎಂದಿದ್ದ. ವಾಸಪ್ಪ ನಕ್ಕು ಅವನ ಬೆನ್ನಿಗೆ ಹೊಡೆದು, "ನೀನು ಡ್ರೈವರಾದ್ರೆ ನಿನ್ನ ಹಾಗೆ ತಟ್ಟುವವ ನನಗೆಲ್ಲಿ ಸಿಗ್ಬೇಕು ಮಾರಾಯ? ಇಡೀ ಕಾಸರಗೋಡಿನಲ್ಲಿ ನಿನ್ನಂಥ ಕ್ಲೀನರ್ ಇಲ್ಲ," ಎಂದಿದ್ದ. ಐತಪ್ಪನ ಮುಖ ಅರಳಿತ್ತು. ಅಲ್ಲಿಗೆ ಮಾತು ಮುಗಿಯಿತು. ಮುಂದಿನ ವರ್ಷ ಮತ್ತೆ ಕೇಳಿದ, ವಾಸಪ್ಪ ಮತ್ತೆ ಹೊಗಳಿದ. ಹೊಗಳಿ ಹೊಗಳಿಯೇ ಒಬ್ಬನನ್ನು ಅಲ್ಲಿಯೇ ನಿಲ್ಲಿಸಬಹುದು ಎಂದು ಅವನಿಗೆ ಆಗ ಗೊತ್ತಿರಲಿಲ್ಲವೇ? ಗೊತ್ತಿತ್ತು. ಧಣಿ ಲಾರಿ ಮಾರಿದಾಗ ಲೈಸೆನ್ಸಿದ್ದ ವಾಸಪ್ಪ ಆ್ಯಕ್ಟಿಂಗಿಗೆ ಹೋದ. ಅಲ್ಲಿ ಪ್ರತಿ ಲಾರಿಗೂ ಅದರದೇ ಕ್ಲೀನರ್ ಇದ್ದು ಹಿಂದೆ ನಿಂತು ತಟ್ಟುತ್ತಿದ್ದ. ಏನೂ ಇಲ್ಲದ ಐತಪ್ಪ ಮುಳ್ಳೇರಿಯದ ಬಳಿ ವಾಹನ ತೊಳೆಯುವ ಸರ್ವೀಸ್ ಸ್ಟೇಷನ್ ಸೇರಿದ ಎಂದು ಕೇಳಿದ್ದ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ವಾಸಪ್ಪ ಯಾವಾಗಲೂ ಆಚೆ ಬದಿಯ ಸೀಟು ಹುಡುಕುತ್ತಿದ್ದ. ಈ ದಿನ ಬಸ್ಸು ತುಂಬಿದ್ದರಿಂದ ಸಿಕ್ಕಿದ ಕಡೆ ಕುಳಿತಿದ್ದ. ಸರ್ವೀಸ್ ಸ್ಟೇಷನ್ ಕಿಟಕಿಯಲ್ಲೇ ಹಾದುಹೋಯಿತು. ನೀರು ಹಾರುವುದು ಕಾಣಿಸಿತು, ನೀರು ಹಿಡಿದವನು ಕಾಣಿಸಲಿಲ್ಲ. ಅಷ್ಟಕ್ಕೇ ಬದುಕಿಕೊಂಡೆ ಅನ್ನಿಸಿತು.

ಸೌದಾಮಿನಿ ಮೂಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಯಾರನ್ನೋ ಮಲಯಾಳದಲ್ಲಿ ಗದರುತ್ತಿದ್ದರು. ನಲವತ್ತು ದಾಟಿದ ಹೆಂಗಸು, ಕನ್ನಡಕ ತಲೆಯ ಮೇಲೆ, ಸೀರೆಯ ಸೆರಗು ಸೊಂಟಕ್ಕೆ. ಫೋನು ಇಟ್ಟವರೇ ವಾಸಪ್ಪನ ಬಿಳಿ ಅಂಗಿಯನ್ನು ನೋಡಿದರು.

"ವಾಸಪ್ಪಣ್ಣ ನೀವೇ ಅಲ್ವಾ? ನಿಮ್ಮ ಹೆಂಡತಿ ಒಳ್ಳೆ ಮಾತಾಡ್ತಾರೆ. ನನಗೆ ಕೇಳ್ಲಿಕ್ಕೆ ಹೆಚ್ಚೆಂತ ಇಲ್ಲ. ಲಾರಿಯಲ್ಲಿ ಲೋಡು ಉಂಟು, ನಿಮ್ಮ ಊರಿನ ಸೊಸೈಟಿಗೇ ಹೋಗ್ಬೇಕು. ಹತ್ತಿ, ನಾನೂ ಬರ್ತೇನೆ."

ತನ್ನ ಊರಿಗೇ! ಆ ಸೊಸೈಟಿಯ ಅಂಗಳ ಅವನಿಗೆ ಗೊತ್ತಿಲ್ಲದ್ದೇನಲ್ಲ. ರಸ್ತೆಯಿಂದ ಕೆಳಕ್ಕೆ ಇಳಿಜಾರು, ಒಂದು ಬದಿಗೆ ಗೋಡೆಯ ಹಾಗೆ ನಿಂತ ಕೆಂಪು ಕಲ್ಲಿನ ಬರೆ, ಇನ್ನೊಂದು ಬದಿಗೆ ಕೆಳಗೆ ರಬ್ಬರ್ ತೋಟ. ಒಳಗೆ ಲಾರಿ ತಿರುಗಿಸಲು ಜಾಗವಿಲ್ಲ. ರಸ್ತೆಯಿಂದಲೇ ಹಿಂದಕ್ಕೆ ಇಳಿಸಬೇಕು.

ಮುಂದಕ್ಕೆ ಹೋಗುವಷ್ಟು ಹೊತ್ತು ಎಲ್ಲವೂ ಸರಿಯಾಗಿತ್ತು. ಸೀಟು ಹಿಂದಿನವನ ಅಳತೆಗೆ ಇತ್ತು. ಸರಿಮಾಡಿಕೊಳ್ಳಲು ಕೈ ಹೋದದ್ದು, ಇನ್ನೂ ತನ್ನದಾಗಿಲ್ಲ ಎಂದು ನೆನಪಾಗಿ ಹಿಂದೆ ಬಂತು. ಐತಪ್ಪ ಕೂರುತ್ತಿದ್ದ ಎಡಬದಿಯ ಸೀಟಿನಲ್ಲಿ ಒಬ್ಬ ಹೆಂಗಸು, ಅದೂ ಕೆಲಸ ಕೊಡುವ ಹೆಂಗಸು, ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದರು. ಏರು ಬಂದಾಗ ವಾಸಪ್ಪ ಗೇರು ಇಳಿಸಿದ, ಇಂಜಿನು ಗೊಣಗದೆ ಹತ್ತಿತು. ಎದುರಿನಿಂದ ಬಂದ ಜೀಪಿಗೆ ದಾರಿ ಬಿಟ್ಟ. ಎರಡು ಮೂರು ತಿರುವು ಕಳೆದ ಮೇಲೆ ಓರೆಗಣ್ಣಿನಿಂದ ನೋಡಿದರೆ ಸೌದಾಮಿನಿಯ ಕೈ ಹಿಡಿಕೆಯನ್ನು ಬಿಟ್ಟು ಮಡಿಲಿಗೆ ಇಳಿದಿತ್ತು. ಈ ಕೆಲಸ ನನಗೆ ಬೇಕು ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ. ಬೇರೆ ಯಾರಿಗೂ ಏನೂ ಆಗದೆ, ಯಾರ ಜ್ವರವೂ ಇಲ್ಲದೆ, ನನಗೆ ಈ ಕೆಲಸ ಬೇಕು.

ಸೊಸೈಟಿಯ ಎದುರಿನ ರಸ್ತೆಗೆ ಮಧ್ಯಾಹ್ನದ ಹಾಲಿನವರು ಬರತೊಡಗಿದ್ದರು. ಕ್ಯಾನು ಹಿಡಿದ ಐದಾರು ಮಂದಿ, ಎಲ್ಲ ನೆರೆಕರೆಯವರೇ. ಒಳಗಿನಿಂದ ಶಂಕರಿ ತಲೆ ಹೊರಗೆ ಹಾಕಿ, "ಓ, ವಾಸಣ್ಣನೇ ಬಂದದ್ದಾ! ಇನ್ನು ಹಿಂಡಿ ಬಂತೂಂತ ಲೆಕ್ಕ," ಎಂದಳು. ವಾಸಪ್ಪ ಲಾರಿಯನ್ನು ರಸ್ತೆಗೆ ಅಡ್ಡ ತಿರುಗಿಸಿ ರಿವರ್ಸ್ ಹಾಕಿದ. ಎಡಗನ್ನಡಿಯಲ್ಲಿ ಬರೆಯ ಕೆಂಪು ಮಾತ್ರ ಕಂಡಿತು. ಬಲಗನ್ನಡಿಯಲ್ಲಿ ಆಕಾಶ ಮತ್ತು ಒಂದು ರಬ್ಬರ್ ಮರದ ತುದಿ. ಅಂಗಳ ಎಲ್ಲಿಯೂ ಇರಲಿಲ್ಲ. ಕಿವಿ ತಾನಾಗಿ ಹಿಂದಕ್ಕೆ ಹೋಯಿತು. ಈಗ ಆ ಹೆಸರು ಬಾಯಿಗೆ ಬರಬಾರದು, ಏನು ಬಂದರೂ ಆ ಹೆಸರು ಬರಬಾರದು. ಅಂದಾಜಿನಲ್ಲಿ ಬಿಟ್ಟುಬಿಡಲೇ? ಇಳಿಜಾರು ಗೊತ್ತಿದೆ, ನಡೆದ ಜಾಗ. ಸರಿಯಾಗಿ ಹೋದರೆ ಕೆಲಸ ಸಿಕ್ಕಿತು, ಯಾರಿಗೂ ಏನೂ ತಿಳಿಯುವುದಿಲ್ಲ. ತಪ್ಪಿದರೆ ತೋಟಕ್ಕೆ. ಬದಿಯಲ್ಲಿ ಈ ಹೆಂಗಸು ಕೈಯನ್ನು ಮಡಿಲಲ್ಲಿಟ್ಟು ನಂಬಿ ಕುಳಿತಿದ್ದಾರೆ. ಮುಂದಿನ ಗಾಜಿನ ಆಚೆ ಕ್ಯಾನು ಹಿಡಿದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ. ಸಂಜೆಗೆ ಲೋಲಾಕ್ಷಿಯ ಕಿವಿಗೆ ಬೀಳುವುದು ಏನು ಎಂದು ಯೋಚಿಸಿದ. ಬಂದ್ಯೋಡಿನ ನಗೆ ಮತ್ತೆ ಕೇಳಿಸಿತು. ಅವನು ಗೇರು ತಪ್ಪಿಸಿ ಹ್ಯಾಂಡ್‌ಬ್ರೇಕ್ ಎಳೆದ.

"ಅಕ್ಕ, ನನಗೆ ಆಗುದಿಲ್ಲ."

"ಎಂತ ಆಗುದಿಲ್ಲ?"

"ಹಿಂದೆ ಹೋಗ್ಲಿಕ್ಕೆ. ಮುಂದಕ್ಕೆ ಎಲ್ಲಿಗೆ ಬೇಕಾದ್ರೂ ಹೋಗ್ತೇನೆ. ಹಿಂದಕ್ಕಾದ್ರೆ ಒಬ್ಬ ಜನ ನಿಂತು ತಟ್ಬೇಕು. ನನಗೆ ಮೊದಲಿಂದಲೂ ಒಬ್ಬ ತಟ್ತಿದ್ದ. ಅದೇ ಅಭ್ಯಾಸ ಆಗಿಹೋಗಿದೆ." ಹೇಳುವಾಗ ನಾಚಿಕೆಯಿಂದ ಬೆವರು ಹರಿದು ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು.

ಸೌದಾಮಿನಿ ಅವನನ್ನು ನೋಡಿದರು. ನಗಲಿಲ್ಲ. ತಲೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿ, ಬಾಗಿಲು ತೆಗೆದು, "ತಟ್ಟುದು ಹೇಗೆ? ಹೇಳಿ," ಎಂದರು.

ಅವನು ಹೇಳಿದ. ಅವರು ಇಳಿದು ಹಿಂದೆ ಹೋದರು. ಮೊದಲು ಏನೂ ಕೇಳಲಿಲ್ಲ. "ಅಕ್ಕ, ಜೋರಾಗಿ! ಲಾರಿಗೆ ನೋವಾಗುದಿಲ್ಲ," ಎಂದು ಕೂಗಿದ. ಹಾಲಿನವರು ನಕ್ಕರು, ಆದರೆ ಅದು ಬಂದ್ಯೋಡಿನ ನಗೆಯಾಗಿರಲಿಲ್ಲ. ಆಮೇಲೆ ಬಂತು ಸದ್ದು, ಅಂಗೈಯದ್ದು, ಬಳೆಯದ್ದೂ ಸೇರಿ, ಎರಡು ತಟ್ಟು. ಅವನು ಬಿಟ್ಟ. ಎರಡು. ಇನ್ನೂ ಸ್ವಲ್ಪ. ಮತ್ತೆ ಎರಡು. ಗಾಬರಿಯಲ್ಲಿ ಅವರು ಒಮ್ಮೆ ಮೂರು ತಟ್ಟಿದರು, ಅದಕ್ಕೆ ಅರ್ಥವಿಲ್ಲದ್ದರಿಂದ ವಾಸಪ್ಪ ನಿಂತ. ಆ ನಿಂತ ಗಳಿಗೆಯಲ್ಲಿ ಅವನಿಗೆ ಆ ಹೆಂಗಸು ನಿಂತ ಜಾಗ ಕಣ್ಣಿಗೆ ಕಟ್ಟಿತು. ಮೂಟೆ ತುಂಬಿದ ಲಾರಿಯೊಂದು ಹಿಂಭಾಗ ಮುಂದು ಮಾಡಿಕೊಂಡು ಮೈಮೇಲೆ ಬರುತ್ತಿದೆ, ಕಾಲಿನ ಹಿಂದೆ ಜಾಗ ಮುಗಿಯುತ್ತ ಬಂದಿದೆ. ರಾಜ್‌ಕೋಟಿನ ಮಂಡಿಯಲ್ಲಿ, ನಾಸಿಕದ ಕೆಸರಿನಲ್ಲಿ, ಎಲ್ಲಿ ಹೋದರೂ ಐತಪ್ಪ ನೋಡಿದ್ದು ಇದನ್ನೇ. ಇಷ್ಟು ವರ್ಷ ಒಂದು ಸಲವೂ ತಾನು ಇಳಿದು ಅಲ್ಲಿ ನಿಂತು ನೋಡಿರಲಿಲ್ಲ. ಮತ್ತೆ ಎರಡು ತಟ್ಟು ಕೇಳಿಸಿತು. ಕೊನೆಗೆ ಒಂದು.

ಮೂಟೆ ಇಳಿಯುವಾಗ ಸೌದಾಮಿನಿ ಕೆಂಪಾದ ಅಂಗೈಯನ್ನು ಊದಿಕೊಳ್ಳುತ್ತ ಬಂದರು. "ಆ ಕಟ್ಟೆ ನೋಡಿ," ಎಂದು ಸೊಸೈಟಿಯ ಮೂಲೆಯಲ್ಲಿ ಹೊಸತಾಗಿ ಸಿಮೆಂಟು ಮೆತ್ತಿದ ಜಾಗವನ್ನು ತೋರಿಸಿದರು. "ಹಿಂದಿನ ಡ್ರೈವರ್ ಗುದ್ದಿ ತೆಗ್ದದ್ದು. ಅವನಿಗಿಂತ ಹಿಂದಿನವ ಪಕ್ಕದ ಪೈಪು ಒಡ್ದ. ಯಾರನ್ನು ಕೇಳಿದ್ರೂ, ಜನ ಬೇಡ ಅಕ್ಕ, ನನಗೆ ಗೊತ್ತುಂಟು ಅಂತಾರೆ. ಬೇಕು ಅಂತ ಹೇಳಿದ್ದು ನೀವೊಬ್ರೇ."

ವಾಸಪ್ಪನಿಗೆ ಕೂಡಲೇ ಅರ್ಥವಾಗಲಿಲ್ಲ. ಇಷ್ಟು ದಿನ ರೋಗದ ಹಾಗೆ ಮುಚ್ಚಿಟ್ಟದ್ದನ್ನು ಈಕೆ ಗುಣದ ಹಾಗೆ ಹೇಳುತ್ತಿದ್ದಾರೆ.

"ನೀವು ಸೋಮವಾರದಿಂದ ಬನ್ನಿ," ಎಂದರು ಸೌದಾಮಿನಿ. "ಆದ್ರೆ ದಿನಾ ತಟ್ಲಿಕ್ಕೆ ನನ್ನಿಂದಾಗುದಿಲ್ಲ. ನಿಮಗೆ ತಟ್ತಿದ್ದ ಆ ಜನ ಈಗ ಎಲ್ಲಿದ್ದಾನೆ?"

"ಇಲ್ಲೇ, ಮುಳ್ಳೇರಿಯದಲ್ಲಿ."

"ಲೈಸೆನ್ಸ್ ಉಂಟಾ ಅವನಿಗೆ? ನೀವು ರಜೆ ಹಾಕಿದ ದಿನ ಆ್ಯಕ್ಟಿಂಗ್ ಹುಡುಕಿಕೊಂಡು ತಿರುಗ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

"ಇಲ್ಲ," ಎಂದ ವಾಸಪ್ಪ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕಲಿಸಿ ಅಂತ ಕೇಳಿದ್ದ. ನಾನೇ ಕಲಿಸ್ಲಿಲ್ಲ."

"ಹಾಗಾದ್ರೆ ಈಗ ಕಲಿಸಿ. ಇಬ್ಬರೂ ಬನ್ನಿ. ಹಿಂದೆ ಜನ ಇಲ್ಲದೆ ಈ ಲಾರಿ ಇನ್ನು ಹೊರಡುದಿಲ್ಲ."

ಲಾರಿಯನ್ನು ಕಾರಡ್ಕಕ್ಕೆ ಮುಟ್ಟಿಸಿದವನು ಬಸ್ಸಿಗೆ ಕಾಯದೆ ಮುಳ್ಳೇರಿಯದ ಕಡೆಗೆ ನಡೆದ. ಕೆಲಸ ಸಿಕ್ಕಿತು ಎಂದು ಲೋಲಾಕ್ಷಿಗೆ ಫೋನು ಮಾಡಲು ತೆಗೆದು ಮತ್ತೆ ಕಿಸೆಗೆ ಹಾಕಿದ. ಸಿಕ್ಕಿದ್ದು ಅರ್ಧ ಮಾತ್ರ, ಉಳಿದರ್ಧ ನೀರಿನ ಪೈಪು ಹಿಡಿದು ನಿಂತಿದೆ. ಐತಪ್ಪನಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿದ. ಮೊದಲು ಮನೆಯವರ ಕ್ಷೇಮ ಕೇಳುವುದು, ಆಮೇಲೆ ಮೆಲ್ಲಗೆ ಕೆಲಸದ ವಿಷಯ. ಬಾ ಎಂದರೆ ಅವನು ಬಾರದಿದ್ದರೆ? ನಿಮಗೆ ಬೇಕಾದಾಗ ಮಾತ್ರ ಬರ್ತೀರಲ್ಲ ಎಂದುಬಿಟ್ಟರೆ? ಅದು ನಿಜವೇ ತಾನೇ. ಕಾಲು ಎರಡು ಸಲ ನಿಂತಿತು, ಎರಡು ಸಲವೂ ತಾನಾಗಿ ಮುಂದೆ ಹೋಯಿತು.

ಸರ್ವೀಸ್ ಸ್ಟೇಷನ್ನಿನ ಕಟ್ಟೆಯ ಮೇಲೆ ಒಂದು ಟಿಪ್ಪರು ನಿಂತಿತ್ತು. ಐತಪ್ಪ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿ ಅದರ ಚಕ್ರಕ್ಕೆ ನೀರು ಬಿಡುತ್ತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನು ನೋಡಿದ, ನೀರು ನಿಲ್ಲಿಸಲಿಲ್ಲ.

"ಓ, ವಾಸಣ್ಣ. ಬಿಳಿ ಅಂಗಿ! ಎಲ್ಲಿ ಮದುವೆ?"

ಜೋಡಿಸಿಟ್ಟದ್ದೆಲ್ಲ ಆ ನೀರಿನ ಸದ್ದಿಗೆ ಚೆದುರಿಹೋಯಿತು. "ನಾನು ನಿನಗೆ ಕಲಿಸ್ಬೇಕಿತ್ತು," ಎಂದ ವಾಸಪ್ಪ. "ಕಲಿಸ್ಲಿಲ್ಲ. ನೀನು ಹಿಂದೆಯೇ ಇರ್ಬೇಕು ಅಂತ ಇತ್ತು ನನಗೆ. ಅದಕ್ಕೇ ಹೊಗಳಿದ್ದು."

ಐತಪ್ಪ ಪೈಪಿನ ಬಾಯಿ ಮುಚ್ಚಿದ. "ಗೊತ್ತುಂಟು," ಎಂದ.

"ಗೊತ್ತಿತ್ತಾ?"

"ಮತ್ತೆ? ನೀವು ಹೊಗಳುವಾಗ ಖುಷಿ ಆಗ್ತಿತ್ತು. ಮಲಗಿದ ಮೇಲೆ ಸಿಟ್ಟು ಬರ್ತಿತ್ತು. ಲಾರಿ ಮಾರಿದ ಮೇಲೆ ಎರಡು ವರ್ಷ ಈ ಕಡೆ ತಲೆ ಹಾಕ್ಲಿಲ್ಲ ಅಲ್ವಾ, ಅದಕ್ಕೆ ಬಂದ ಸಿಟ್ಟು ಇದೆಲ್ಲದಕ್ಕಿಂತ ಜಾಸ್ತಿ. ಬಸ್ಸಿನಲ್ಲಿ ಆಚೆ ಮುಖ ಮಾಡಿ ಕೂರುದು ನಾನು ನೋಡಿದ್ದೇನೆ."

ವಾಸಪ್ಪನ ತಲೆ ತಗ್ಗಿತು. ಆಮೇಲೆ ಅವನು ಕಾರಡ್ಕದ ಲಾರಿಯ ವಿಷಯ ಹೇಳಿದ. ಇಬ್ಬರಿಗೂ ಕೆಲಸ, ಲೈಸೆನ್ಸ್ ಮಾಡಿಸುವುದು, ತಾನು ರಜೆ ಹಾಕಿದ ದಿನ ಅವನದೇ ಸ್ಟೇರಿಂಗು. ಐತಪ್ಪ ಕೇಳಿದನೋ ಇಲ್ಲವೋ ತಿಳಿಯಲಿಲ್ಲ. ಕೈಯನ್ನು ಚಡ್ಡಿಗೆ ಒರೆಸಿಕೊಂಡು ಟಿಪ್ಪರಿನ ಬಾಗಿಲು ತೆಗೆದು ಹತ್ತಿ ಡ್ರೈವರಿನ ಸೀಟಿನಲ್ಲಿ ಕುಳಿತ. ಇಂಜಿನು ಶುರುವಾಯಿತು.

"ಏ, ಎಂತ ಮಾಡ್ತಿ?"

"ಎದುರಿಗೆ ಗೋಡೆ ಉಂಟಲ್ಲ, ಕಾಣುದಿಲ್ವಾ?" ಐತಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿದ. "ಇಲ್ಲಿಗೆ ಬಂದ ಗಾಡಿಯನ್ನೆಲ್ಲ ಹಿಂದೆಯೇ ತೆಗೀಬೇಕು. ಎರಡು ವರ್ಷದಿಂದ ಅದನ್ನೇ ಮಾಡುದು ನಾನು. ರಿವರ್ಸ್ ಆದ್ರೆ ಈಗ ನಿಮಗಿಂತ ಒಳ್ಳೆ ಬರ್ತದೆ. ಮುಂದೆ ಹೋಗ್ಲಿಕ್ಕೆ ಮಾತ್ರ ನೀವು ಕಲಿಸ್ಬೇಕು."

ಅವನ ಮುಖದಲ್ಲಿ ನಗೆ ಇತ್ತೋ ಸಿಟ್ಟು ಇತ್ತೋ, ಎರಡೂ ಇದ್ದಿರಬೇಕು. ವಾಸಪ್ಪ ಆಗಲೇ ಟಿಪ್ಪರಿನ ಹಿಂದಕ್ಕೆ ನಡೆದಿದ್ದ. ಅಲ್ಲಿ ಒಂದು ಚರಂಡಿ, ಒಂದು ಪಪ್ಪಾಯಿ ಗಿಡ, ಯಾರೋ ನಿಲ್ಲಿಸಿ ಹೋದ ಸ್ಕೂಟರು. ತೊಳೆದ ಹಲಗೆಯಿಂದ ನೀರು ಇಳಿಯುತ್ತಿತ್ತು. ಅವನು ಸ್ಕೂಟರನ್ನು ಬದಿಗೆ ಸರಿಸಿ, ಚರಂಡಿಗೆ ಬೆನ್ನು ಹಾಕಿ ನಿಂತು, ಕೈ ಎತ್ತಿ ಎರಡು ತಟ್ಟಿದ. ಕೆಸರು ನೀರು ಎದೆಗೆ ಸಿಡಿಯಿತು. ಟಿಪ್ಪರು ನೆಟ್ಟಗೆ, ಸ್ವಲ್ಪವೂ ಅತ್ತಿತ್ತ ಹೋಗದೆ, ಅವನ ಕಡೆಗೆ ಬರತೊಡಗಿತು. ಚಕ್ರ ಹತ್ತಿರವಾದಾಗ ಗಾಬರಿಯಾಗಿ ಒಂದು ತಟ್ಟಿದ. ನಿಂತಿತು.

"ಗುದ್ದುದಲ್ಲ ವಾಸಣ್ಣ, ತಟ್ಟುದು!" ಎಂದು ಮುಂದಿನಿಂದ ಐತಪ್ಪ ಕೂಗಿದ. "ಇನ್ನೂ ಜಾಗ ಉಂಟಾ?"

ವಾಸಪ್ಪ ಹಿಂದೆ ತಿರುಗಿ ನೋಡಿದ. ಇತ್ತು. ಒದ್ದೆ ಅಂಗೈಯನ್ನು ಬಿಳಿ ಅಂಗಿಗೆ ಒರೆಸಿಕೊಂಡು, ಈ ಸಲ ಮೆಲ್ಲಗೆ, ಎರಡು ತಟ್ಟಿದ.